ಹನಿ ನೀರಿನೊಂದಿಗೆ ಯೂರಿಯಾ: ಮೆಕ್ಕೆಜೋಳಕ್ಕೆ ಸಾರಜನಕ ಉಣಿಸುವ ಕ್ರಮ

ದಾವಣಗೆರೆ, ಹಾವೇರಿ, ಚಿತ್ರದುರ್ಗದ ಕಡೆ ಮೆಕ್ಕೆಜೋಳ ಮೊಣಕಾಲೆತ್ತರಕ್ಕೆ ಬರುವ ಹೊತ್ತಿಗೆ ಎಲ್ಲರಿಗೂ ಒಮ್ಮೆಲೇ ಯೂರಿಯಾ ಬೇಕಾಗುತ್ತದೆ. ಓಡಾಡಿ ತಂದ ಆ ಚೀಲವನ್ನು ಒಂದೇ ದಿನ ಸಾಲಿನ ಮೇಲೆ ಚೆಲ್ಲಿ ಬಂದರೆ ಅದರಲ್ಲೊಂದು ದೊಡ್ಡ ಪಾಲು ಬೆಳೆಯ ಬಾಯಿಗೆ ಸೇರುವುದೇ ಇಲ್ಲ ಎಂಬುದು ನೋವಿನ ಸಂಗತಿ. ಮೇಲ್ಮಣ್ಣಿನಲ್ಲೇ ಉಳಿದ ಯೂರಿಯಾ ಅಮೋನಿಯಾ ಅನಿಲವಾಗಿ ಗಾಳಿಗೆ ಹಾರುತ್ತದೆ. ಕ್ಷಾರ ಗುಣದ ಎರೆ ಭೂಮಿಯಲ್ಲಿ ಈ ನಷ್ಟ ಇನ್ನೂ ಹೆಚ್ಚು. ನೈಟ್ರೇಟ್ ಆಗಿ ಬದಲಾದ ಭಾಗ ಜೋರು ಮಳೆಗೆ ಬೇರಿಗಿಂತ ಕೆಳಕ್ಕೆ ಬಸಿದುಹೋಗುತ್ತದೆ, ಇಲ್ಲವೇ ಹೊಲದಲ್ಲಿ ನೀರು ನಿಂತಾಗ ಮತ್ತೆ ಅನಿಲವಾಗಿ ಕೈತಪ್ಪುತ್ತದೆ.

ಅಮೆರಿಕದ ಅಯೋವಾ, ನೆಬ್ರಾಸ್ಕ ರಾಜ್ಯಗಳ ಅನೇಕ ರೈತರು ಇದಕ್ಕೆ ದ್ರವಗೊಬ್ಬರವನ್ನು ಆಶ್ರಯಿಸಿದ್ದಾರೆ. ಯೂರಿಯಾ ಮತ್ತು ಅಮೋನಿಯಂ ನೈಟ್ರೇಟ್ ಎರಡನ್ನೂ ಕರಗಿಸಿದ, ಶೇ 28 ಅಥವಾ ಶೇ 32ರಷ್ಟು ಸಾರಜನಕವಿರುವ ದ್ರಾವಣವನ್ನು ಅವರು ಬೆಳೆದು ನಿಂತ ಸಾಲುಗಳ ನಡುವೆ ಯಂತ್ರದಿಂದ ಮಣ್ಣಿನೊಳಕ್ಕೆ ಇಳಿಸುತ್ತಾರೆ. ನಮ್ಮಲ್ಲಿ ಡ್ರಿಪ್ ಅಳವಡಿಸಿಕೊಂಡಿರುವ ಎರಡು ಮೂರು ಎಕರೆಯ ರೈತರು ಅದೇ ಕೆಲಸವನ್ನು ಒಂದು ಡ್ರಮ್ಮು ಮತ್ತು ಗೊಬ್ಬರದ ದ್ರಾವಣವನ್ನು ನೀರಿನ ಪೈಪಿನೊಳಕ್ಕೆ ಎಳೆದುಕೊಳ್ಳುವ ವೆಂಚುರಿ ಎಂಬ ಸಾಧನದಿಂದ ಮಾಡಿಕೊಳ್ಳಬಹುದು. ಕೃಷಿ ತಜ್ಞರು ಇದನ್ನು ರಸಾವರಿ ಎನ್ನುತ್ತಾರೆ. ಗೊಬ್ಬರವನ್ನು ಕರಗಿಸಿ ಕೊಡುವುದರ ಮುಖ್ಯ ಲಾಭವಿರುವುದು ಏಳೆಂಟು ಕಂತುಗಳಲ್ಲಿ ಬೇರಿನ ಬುಡಕ್ಕೇ ಹಂಚುವ ಅನುಕೂಲದಲ್ಲಿ. ಪೂರ್ತಿ ಯೂರಿಯಾವನ್ನು ಕರಗಿಸಿ ಎರಡೇ ಸಲಕ್ಕೆ ಬಿಟ್ಟು ಮುಗಿಸುವುದಾದರೆ ಇಷ್ಟು ಶ್ರಮಕ್ಕೆ ತಕ್ಕ ಫಲ ಸಿಗದು.

ಮೊದಲು ಲೆಕ್ಕ

ನೀರಾವರಿ ಮೆಕ್ಕೆಜೋಳಕ್ಕೆ ಹೆಕ್ಟೇರಿಗೆ 150 ಕೆ.ಜಿ. ಸಾರಜನಕ, 75 ಕೆ.ಜಿ. ರಂಜಕ ಮತ್ತು 40 ಕೆ.ಜಿ. ಪೊಟ್ಯಾಷ್ ಎಂಬುದು ಸಾಮಾನ್ಯ ಶಿಫಾರಸು. ಎಕರೆಗೆ ಇಳಿಸಿದರೆ 60 ಕೆ.ಜಿ. ಸಾರಜನಕ, 30 ಕೆ.ಜಿ. ರಂಜಕವಾಯಿತು. ಬಿತ್ತುವಾಗ ರಂಜಕಕ್ಕಾಗಿ 65 ಕೆ.ಜಿ. ಡಿಎಪಿ ಕೊಟ್ಟಿದ್ದರೆ ಅದರಲ್ಲೇ ಸುಮಾರು 12 ಕೆ.ಜಿ. ಸಾರಜನಕ ಸೇರಿರುತ್ತದೆ, ಇದನ್ನು ಕಳೆಯಲು ಬಹಳ ಮಂದಿ ಮರೆಯುತ್ತಾರೆ. ಉಳಿದ 48 ಕೆ.ಜಿ.ಗೆ, ಯೂರಿಯಾದಲ್ಲಿ ಶೇ 46 ಸಾರಜನಕವಿರುವುದರಿಂದ, ಸುಮಾರು 105 ಕೆ.ಜಿ. ಯೂರಿಯಾ ಸಾಕು. 45 ಕೆ.ಜಿ.ಯ ಎರಡು ಚೀಲ, ಮೇಲೆ 15 ಕೆ.ಜಿ. ಮಣ್ಣು ಪರೀಕ್ಷೆಯ ಚೀಟಿ ಕೈಯಲ್ಲಿದ್ದರೆ ಅದರಂತೆ ಈ ಲೆಕ್ಕವನ್ನು ತಿದ್ದಿಕೊಳ್ಳಬೇಕು.

ಕಂತುಗಳ ಹಂಚಿಕೆ

ಮೊದಲ ಎರಡು ವಾರ ಸಸಿಗೆ ಬಿತ್ತನೆಯ ಗೊಬ್ಬರವೇ ಸಾಲುತ್ತದೆ. ಆರೇಳು ಎಲೆ ಬಿಚ್ಚಿದ ಮೇಲೆ ಕಾಂಡ ನೆಲದಿಂದ ಮೇಲಕ್ಕೆ ಚಿಮ್ಮತೊಡಗುತ್ತದೆ, ತೆನೆಯಲ್ಲಿ ಎಷ್ಟು ಸಾಲು ಕಾಳು ಕೂರಬೇಕೆಂಬುದೂ ಆ ಹೊತ್ತಿನಲ್ಲೇ ನಿಶ್ಚಯವಾಗುತ್ತದೆ. ಅಲ್ಲಿಂದ ಸೂಲಂಗಿ ಒಡೆಯುವವರೆಗಿನ ಮೂರು ನಾಲ್ಕು ವಾರಗಳಲ್ಲಿ ಬೆಳೆಯ ಹಸಿವು ಅತಿ ಹೆಚ್ಚು. ನಾನು ಸೂಚಿಸುವ ಹಂಚಿಕೆ ಹೀಗಿದೆ: ಬಿತ್ತಿದ 15ನೇ ದಿನ 10 ಕೆ.ಜಿ. ಯೂರಿಯಾದಿಂದ ಆರಂಭಿಸಿ, 22ನೇ ದಿನ 12, 29ನೇ ದಿನ 15, 36 ಮತ್ತು 43ನೇ ದಿನಗಳಲ್ಲಿ ತಲಾ 20, 50ನೇ ದಿನ 16, ಕೊನೆಗೆ 57ನೇ ದಿನ 12 ಕೆ.ಜಿ. ಕೊಟ್ಟರೆ ಒಂದು ಎಕರೆಯ 105 ಕೆ.ಜಿ. ಮುಗಿಯುತ್ತದೆ. ನೀರು ಬೇಗ ಬಸಿಯುವ ಕೆಂಪು ಮರಳು ಮಣ್ಣಿನಲ್ಲಿ ಪ್ರತಿ ಕಂತನ್ನು ಮತ್ತೆರಡು ಮಾಡಿ ವಾರಕ್ಕೆ ಎರಡು ಸಲ ಕೊಡುವುದು ಮೇಲು.

ಪೈಪಿನ ಪರೀಕ್ಷೆ

ಡ್ರಿಪ್ ನೀರನ್ನು ಎಲ್ಲೆಡೆ ಒಂದೇ ಸಮನೆ ಕೊಡದಿದ್ದರೆ ಗೊಬ್ಬರವನ್ನೂ ಒಂದೇ ಸಮನೆ ಕೊಡಲಾರದು. ಆದ್ದರಿಂದ ಮೊದಲ ಕಂತಿಗೆ ಮುನ್ನ ಸ್ಕ್ರೀನ್ ಫಿಲ್ಟರನ್ನು ತೊಳೆದು, ಲ್ಯಾಟರಲ್‌ಗಳ (ಸಾಲಿನುದ್ದ ಹಾಸಿದ ಸಣ್ಣ ಪೈಪುಗಳ) ತುದಿ ಬಿಚ್ಚಿ ಕೆಸರು ಹೋಗುವವರೆಗೆ ನೀರು ಹಾಯಿಸಬೇಕು. ಬಳಿಕ ಹೊಲದ ತಲೆಯಲ್ಲಿ, ನಡುವೆ ಮತ್ತು ಕೊನೆಯಲ್ಲಿ ಡ್ರಿಪ್ಪರುಗಳ ಕೆಳಗೆ ನೆಲ ತೋಡಿ ಒಂದೊಂದು ಪಾತ್ರೆಯಿಟ್ಟು ಅರ್ಧ ಗಂಟೆ ಕಾಯಿರಿ. ಗಂಟೆಗೆ ಎರಡು ಲೀಟರಿನ ಡ್ರಿಪ್ಪರ್ ಆಗಿದ್ದರೆ ಪ್ರತಿ ಪಾತ್ರೆಯಲ್ಲಿ ಒಂದು ಲೀಟರ್ ನೀರಿರಬೇಕು. ಕೊನೆಯಲ್ಲಿ 800 ಮಿ.ಲೀ. ಮಾತ್ರ ಬಂದರೆ ಅಲ್ಲಿನ ಗಿಡಗಳಿಗೆ ಯೂರಿಯಾವೂ ಐದನೇ ಒಂದು ಪಾಲು ಕಡಿಮೆ ಸಿಗುತ್ತದೆ.

ವೆಂಚುರಿಗೂ ಬೋರ್‌ವೆಲ್ಲಿಗೂ ನಡುವೆ ನಾನ್ ರಿಟರ್ನ್ ವಾಲ್ವ್ ಇರಲೇಬೇಕು. ತ್ರಿಫೇಸ್ ಕರೆಂಟು ಹೇಳದೆ ಕೇಳದೆ ಹೋಗುವ ನಮ್ಮ ಹೊಲಗಳಲ್ಲಿ ಮೋಟಾರು ನಿಂತೊಡನೆ ಪೈಪಿನ ನೀರು ಹಿಂದಕ್ಕೆ ಹರಿದು ಗೊಬ್ಬರದ ನೀರೂ ಕೊಳವೆ ಬಾವಿಗೆ ಇಳಿಯಬಹುದು. ಅದೇ ಬಾವಿಯ ನೀರನ್ನು ಮನೆಮಂದಿ ಕುಡಿಯುವ ಕಡೆ ಇದು ಜೀವದ ಪ್ರಶ್ನೆ, ಹಣ ಉಳಿಸುವ ಜಾಗವಲ್ಲ.

ಕರಗಿಸಿ ಬಿಡುವ ದಿನ

ಇಪ್ಪತ್ತು ಕೆ.ಜಿ. ಯೂರಿಯಾಕ್ಕೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 100 ಲೀಟರ್ ನೀರು ತೆಗೆದುಕೊಂಡು, ಯೂರಿಯಾವನ್ನು ಸ್ವಲ್ಪ ಸ್ವಲ್ಪವೇ ಸುರಿದು ಕೋಲಿನಿಂದ ಕಲಕಬೇಕು. ಯೂರಿಯಾ ಕರಗುವಾಗ ಶಾಖವನ್ನು ಹೀರಿಕೊಳ್ಳುವುದರಿಂದ ನೀರು ತಣ್ಣಗಾಗಿ ಕರಗುವುದು ನಿಧಾನವಾಗುತ್ತದೆ. ಕಾಲು ಗಂಟೆ ಬಿಟ್ಟು ಮತ್ತೊಮ್ಮೆ ಕಲಕಿದರೆ ತಳದಲ್ಲಿ ಏನೂ ಉಳಿಯದು. ಯೂರಿಯಾಕ್ಕೆ ಲೇಪಿಸಿದ ಬೇವಿನ ಎಣ್ಣೆ ಮೇಲೆ ತೇಲುತ್ತದೆ, ಹಾಗಾಗಿ ದ್ರಾವಣವನ್ನು ಬಟ್ಟೆಯಲ್ಲಿ ಸೋಸಿಯೇ ಬಳಸಬೇಕು. ಕರಗಿಸಿದ್ದನ್ನು ಅಂದೇ ಮುಗಿಸಿ.

ಈಗ ಬಹಳಷ್ಟು ಜನ ಎಡವುವ ಜಾಗ. ಮೋಟಾರು ಹಾಕಿದೊಡನೆ ವೆಂಚುರಿ ತೆರೆದು ಗೊಬ್ಬರ ಬಿಟ್ಟು, ನಂತರ ಎರಡು ಗಂಟೆ ಬರೀ ನೀರು ಹರಿಸುವ ರೂಢಿ ಹಲವೆಡೆ ಇದೆ. ಯೂರಿಯಾ ಮಣ್ಣಿನ ಕಣಗಳಿಗೆ ಅಂಟಿಕೊಳ್ಳುವ ವಸ್ತುವಲ್ಲ, ನೀರು ಹೋದಲ್ಲಿಗೆ ತಾನೂ ಹೋಗುತ್ತದೆ. ಮೊದಲೇ ಬಿಟ್ಟ ಗೊಬ್ಬರವನ್ನು ಹಿಂದೆ ಬಂದ ನೀರು ಬೇರಿನ ವಲಯದಿಂದ ಆಚೆಗೆ ತಳ್ಳಿಬಿಡುತ್ತದೆ. ಒಂದೂವರೆ ಗಂಟೆ ನೀರು ಕೊಡುವ ದಿನವಾದರೆ ಮೊದಲ 35 ನಿಮಿಷ ಬರೀ ನೀರು, ಮುಂದಿನ 40 ನಿಮಿಷ ಗೊಬ್ಬರ, ಕೊನೆಯ 15 ನಿಮಿಷ ಪೈಪು ತೊಳೆಯಲು ಮತ್ತೆ ಬರೀ ನೀರು ಎಂದು ಹಂಚಿಕೊಳ್ಳಿ. ಕೊನೆಯ ತೊಳೆಯುವಿಕೆಯನ್ನು ಬಿಟ್ಟರೆ ಡ್ರಿಪ್ಪರಿನ ಬಾಯಲ್ಲಿ ಪಾಚಿ ಕಟ್ಟುತ್ತದೆ. ವೆಂಚುರಿ ದ್ರಾವಣವನ್ನು ಎಳೆಯದಿದ್ದರೆ ವೆಂಚುರಿಯನ್ನು ಬಳಸಿಕೊಂಡು ಹೋಗುವ ನೀರಿನ ದಾರಿಯಲ್ಲಿರುವ ಬೈಪಾಸ್ ವಾಲ್ವನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತ ಬನ್ನಿ. ಒತ್ತಡದ ವ್ಯತ್ಯಾಸ ಹೆಚ್ಚಿದಂತೆ ಎಳೆತ ಶುರುವಾಗುತ್ತದೆ.

ನಡುವೆ ಕರೆಂಟು ಹೋದರೆ ಡ್ರಮ್ಮಿನ ವಾಲ್ವನ್ನು ಕೂಡಲೇ ಮುಚ್ಚಿ, ಎಷ್ಟು ದ್ರಾವಣ ಉಳಿದಿದೆಯೆಂದು ಗುರುತು ಹಾಕಿಕೊಳ್ಳಿ. ಕರೆಂಟು ಬಂದ ಮೇಲೆ ಪೈಪಿನಲ್ಲಿ ಒತ್ತಡ ತುಂಬುವವರೆಗೆ ಐದು ನಿಮಿಷ ಕಾದು, ಉಳಿದದ್ದನ್ನು ಬಿಟ್ಟರಾಯಿತು. ಮಳೆ ಹಿಡಿದು ನೆಲ ಹಸಿಯಾಗಿರುವ ವಾರದಲ್ಲಿ ಮೊದಲಿನ ಬರೀ ನೀರನ್ನು ಬಿಟ್ಟು, ಗೊಬ್ಬರಕ್ಕೂ ತೊಳೆಯಲಿಕ್ಕೂ ಬೇಕಾದಷ್ಟೇ ಹೊತ್ತು ಮೋಟಾರು ಓಡಿಸಿ; ನೀರು ನಿಂತಿದ್ದರೆ ಅದು ಇಂಗುವವರೆಗೆ ಕಾಯುವುದೇ ಸರಿ.

ಸಾಕಾಯಿತೆಂದು ತಿಳಿಯುವುದು ಹೇಗೆ

ಹೊಲದ ಒಂದು ಮೂಲೆಯಲ್ಲಿ ಹತ್ತು ಮೀಟರ್ ಉದ್ದದ ನಾಲ್ಕು ಸಾಲುಗಳನ್ನು ಗುರುತಿಸಿ, 20ನೇ ದಿನ ಆ ಸಾಲುಗಳಿಗೆ ಮಾತ್ರ 300 ಗ್ರಾಂ ಯೂರಿಯಾವನ್ನು ಹೆಚ್ಚುವರಿಯಾಗಿ ಕೈಯಿಂದ ಹಾಕಿ ಮಣ್ಣು ಮುಚ್ಚಿ. ಮುಂದಿನ ವಾರಗಳಲ್ಲಿ ಆ ತುಂಡೂ ಉಳಿದ ಹೊಲವೂ ಒಂದೇ ಹಸಿರಿನಲ್ಲಿದ್ದರೆ ಬೆಳೆಗೆ ಸಾರಜನಕದ ಕೊರತೆಯಿಲ್ಲ. ಕೊನೆಯ ಕಂತನ್ನು ತಗ್ಗಿಸಲೂಬಹುದು. ಉಳಿದ ಹೊಲ ಮಂಕಾಗಿ ಕಂಡು, ಕೆಳಗಿನ ಎಲೆಗಳು ತುದಿಯಿಂದ ನಡುನರದ ಗುಂಟ ಒಳಕ್ಕೆ ಹಳದಿಯಾಗುತ್ತಿದ್ದರೆ ಅದು ಸಾರಜನಕದ ಹಸಿವು. ಎಲೆಯ ಅಂಚು ಮಾತ್ರ ಒಣಗುತ್ತಿದ್ದರೆ ಪೊಟ್ಯಾಷ್ ಕೊರತೆಯನ್ನು ಶಂಕಿಸಬೇಕು, ಅದಕ್ಕೆ ಯೂರಿಯಾ ಸುರಿಯುವುದು ವ್ಯರ್ಥ.

ಡ್ರಿಪ್ ಇಲ್ಲದ ಮಳೆಯಾಶ್ರಿತ ಹೊಲದಲ್ಲಿ

ಇಲ್ಲಿ ಮೇಲುಗೊಬ್ಬರವನ್ನು ಹಸಿ ನೆಲದಲ್ಲಿ ಬುಡದ ಪಕ್ಕಕ್ಕೆ ಕೊಟ್ಟು, ಅಂದೇ ಎಡೆ ಹೊಡೆದು ಮಣ್ಣು ಮುಚ್ಚುವುದಕ್ಕೆ ಸಮನಾದದ್ದಿಲ್ಲ. ನೀರು ನಿಂತು ಬೇರು ಕೆಲಸ ನಿಲ್ಲಿಸಿದಾಗ ಶೇ 2ರ ಯೂರಿಯಾ ದ್ರಾವಣವನ್ನು, ಅಂದರೆ ಲೀಟರಿಗೆ 20 ಗ್ರಾಂನಂತೆ ಕರಗಿಸಿ, ಸಂಜೆಯ ಹೊತ್ತು ಎಲೆಗಳಿಗೆ ಸಿಂಪಡಿಸಿದರೆ ಬೆಳೆ ಚೇತರಿಸಿಕೊಳ್ಳುತ್ತದೆ. ಆದರೆ ಎಕರೆಗೆ 200 ಲೀಟರ್ ಹೊಡೆದರೂ ಒಳಸೇರುವ ಸಾರಜನಕ ಎರಡು ಕೆ.ಜಿ.ಗಿಂತ ಕಡಿಮೆ. ಎಲೆಗೆ ಸಿಂಪಡಿಸುವ ದ್ರವರೂಪದ, ಶೇ 4ರಷ್ಟು ಸಾರಜನಕದ ನ್ಯಾನೊ ಯೂರಿಯಾದ 500 ಮಿ.ಲೀ. ಬಾಟಲಿಯಲ್ಲಿ ಇರುವುದು 20 ಗ್ರಾಂ ಸಾರಜನಕ, 45 ಕೆ.ಜಿ. ಚೀಲದಲ್ಲಿ 20 ಕೆ.ಜಿ.ಗೂ ಹೆಚ್ಚು. ಎಕರೆಗೆ ಹತ್ತಾರು ಕೆ.ಜಿ. ಸಾರಜನಕ ಬೇಡುವ ಬೆಳೆಗೆ ನೆಲಕ್ಕೆ ಕೊಡುವ ಗೊಬ್ಬರವನ್ನು ಈ ಸಿಂಪಡಣೆಯ ಭರವಸೆಯ ಮೇಲೆ ಪೂರ್ತಿ ಬಿಡುವಂತಿಲ್ಲ.

ಮೆಕ್ಕೆಜೋಳದ ಸುಳಿ ತಿನ್ನುವ ಫಾಲ್ ಸೈನಿಕ ಹುಳು 2018ರಲ್ಲಿ ನಮ್ಮ ರಾಜ್ಯಕ್ಕೆ ಕಾಲಿಟ್ಟ ಮೇಲೆ ಸುಳಿಯೊಳಕ್ಕೆ ಔಷಧಿ ಬಿಡುವುದು ರೂಢಿಯಾಗಿದೆ. ಆ ಪಂಪಿಗೇ ಯೂರಿಯಾವನ್ನೂ ಬೆರೆಸಬೇಡಿ. ಸುಳಿಯಲ್ಲಿ ನಿಂತ ಯೂರಿಯಾ ನೀರು ಎಳೆಯ ಎಲೆಗಳನ್ನು ಸುಡುತ್ತದೆ.