ಮಂಗನ ಕಾಯಿಲೆ ಎಣ್ಣೆ: ಹೆದರಿಸುವುದನ್ನು ಬಿಟ್ಟ ಮೇಲೆ ಬಾಟಲಿ ಖಾಲಿಯಾಯಿತು

ಮಂಗನ ಕಾಯಿಲೆ ಹರಡುವ ಉಣುಗು ಕಚ್ಚದಂತೆ ಕೈಕಾಲಿಗೆ ಹಚ್ಚುವ ಡೆಪಾ ಎಣ್ಣೆ ಹಂಚಿದವರಿಗೆಲ್ಲ ಗೊತ್ತಿರುವ ಸಂಗತಿ: ಡಿಸೆಂಬರ್‌ನಲ್ಲಿ ಕೊಟ್ಟ ಬಾಟಲಿ ಮೇ ತಿಂಗಳಲ್ಲಿ ಅಟ್ಟದ ಮೇಲೆ ಸೀಲು ಒಡೆಯದೆ ಸಿಗುತ್ತದೆ. ಮನೋವಿಜ್ಞಾನದ ಹಳೇ ಪಾಠವೊಂದನ್ನು ಹಿಡಿದ ಮೇಲೆ ನಮ್ಮ ಸುತ್ತಿನ ಊರುಗಳಲ್ಲಿ ಈಗ ಬಾಟಲಿ ಖಾಲಿಯಾಗುತ್ತಿದೆ, ಎರಡನೆಯದನ್ನು ಕೇಳಿಕೊಂಡು ಬರುತ್ತಿದ್ದಾರೆ. "ಸೈಕಾಲಜಿ ಹಚ್ಚಿದರೆ ಉಣುಗು ಓಡ್ತದಾ?" ಎಂದು ನಕ್ಕವರೇ, ಎಣ್ಣೆ ಯಾವಾಗ ಹಚ್ಚುತ್ತೇನೆಂದು ಮನೆಯವರಿಂದ ಬರೆಸುವ ನಮ್ಮ ಕಾರ್ಡಿನ ನಮೂನೆ ಒಯ್ದಿದ್ದಾರೆ.

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬೀಳುತ್ತಿದ್ದ ಕಾಲಕ್ಕೇ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಗೂ ನಮ್ಮಂಥದ್ದೇ ತಲೆನೋವಿತ್ತು. ಕ್ಷಯದ ಎಕ್ಸ್‌ರೇ ಪುಕ್ಕಟೆ, ಆದರೂ ಜನ ಬರುತ್ತಿರಲಿಲ್ಲ. 1958ರಲ್ಲಿ ಆ ಸೇವೆಯ ಮನೋವಿಜ್ಞಾನಿ ಹಾಕ್‌ಬಾಮ್ ಪ್ರಕಟಿಸಿದ ಲೆಕ್ಕ ನೋಡಿ: "ನನಗೂ ಬರಬಹುದು", "ಬೇಗ ಗೊತ್ತಾದರೆ ಲಾಭ" ಎರಡನ್ನೂ ನಂಬಿದವರಲ್ಲಿ ಶೇ. 82 ಮಂದಿ ತಾವಾಗಿ ಎಕ್ಸ್‌ರೇ ಮಾಡಿಸಿಕೊಂಡಿದ್ದರು. ಎರಡನ್ನೂ ನಂಬದವರಲ್ಲಿ ಶೇ. 21. ರೋಗದ ಬಗೆಗೆ ಜನರ ನಂಬಿಕೆ ನೋಡಿ ಅವರ ನಡತೆಯನ್ನು ವಿವರಿಸುವ "ಆರೋಗ್ಯ ನಂಬಿಕೆಯ ಮಾದರಿ" ಬೆಳೆದದ್ದು ಆ ಕೆಲಸದಿಂದ. ಅಮೆರಿಕದ ಮನಶ್ಶಾಸ್ತ್ರ ಸಂಘದಲ್ಲಿ ಆರೋಗ್ಯ ಮನೋವಿಜ್ಞಾನಕ್ಕೆ ಪ್ರತ್ಯೇಕ ವಿಭಾಗವಾದದ್ದು 1978ರಲ್ಲಿ. ಹಳ್ಳಿ ಕೆಲಸಕ್ಕೆ ಒದಗುವ ಸರಕು ಮಾತ್ರ ಅದಕ್ಕಿಂತ ಹಿಂದಿನದು ಎಂಬುದು ನನ್ನ ಎಣಿಕೆ.

ಅದರಲ್ಲೂ ಮನೋವಿಜ್ಞಾನಿ ಲೆವೆಂಥಾಲ್ ತಂಡದ 1965ರ ಪ್ರಯೋಗ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಧನುರ್ವಾಯುವಿನ ಬಗ್ಗೆ ಕರಪತ್ರ ಕೊಟ್ಟರು. ಕೆಲವು ಮೆತ್ತಗೆ, ಕೆಲವು ಎದೆ ನಡುಗಿಸುವಂತೆ. ಹೆದರಿದವರು ಚುಚ್ಚುಮದ್ದು ಬೇಕೆಂದು ಹೆಚ್ಚು ಒಪ್ಪಿದರು, ಆದರೆ ಎದ್ದು ಹೋಗಿ ಹಾಕಿಸಿಕೊಂಡವರು ಶೇ. 3ರಷ್ಟು. ಕರಪತ್ರದ ಜೊತೆಗೆ ಆಸ್ಪತ್ರೆ ಗುರುತಿಸಿದ ನಕ್ಷೆ ಕೊಟ್ಟು, ಯಾವಾಗ ಹೋಗುತ್ತೀರಿ ಎಂದು ಯೋಚಿಸಲು ಹಚ್ಚಿದಾಗ ಅದು ಶೇ. 28ರ ಹತ್ತಿರಕ್ಕೆ ಬಂತು. ಭಯ ಹೆಚ್ಚೋ ಕಡಿಮೆಯೋ, ಫಲ ಅಷ್ಟೇ. 1999ರಲ್ಲಿ ಮನೋವಿಜ್ಞಾನಿ ಗೋಲ್ವಿಟ್ಜರ್ ಇದನ್ನೇ "ಹೀಗಾದರೆ ಹೀಗೆ ಮಾಡುತ್ತೇನೆ" ಎಂಬ ಸೂತ್ರವಾಗಿ ಗಟ್ಟಿ ಮಾಡಿದರು.

ನಮ್ಮಲ್ಲಿ ಮೊದಲು ದುಡ್ಡು ಸುರಿದದ್ದೆಲ್ಲ ಹೆದರಿಸುವುದಕ್ಕೇ. ಸತ್ತ ಮಂಗನ ಫ್ಲೆಕ್ಸ್ ಒಂದಕ್ಕೆ ಸಾವಿರದ ಹತ್ತಿರ, ಆಟೋ ಮತ್ತು ಮೈಕಿಗೆ ದಿನಕ್ಕೆ ಎರಡು ಸಾವಿರದ ಮೇಲೆ. ಜನ ಹೆದರಿದ್ದು ನಿಜ, ಬಾಟಲಿ ಇಳಿಯಲಿಲ್ಲ. ಶಾಲೆಯ ಮಕ್ಕಳಿಂದ ಅಪ್ಪ ಅಮ್ಮನಿಗೆ ನೆನಪಿಸಿದ್ದೂ ಆಯಿತು. ವಾರದೊಳಗೆ ಮಕ್ಕಳಿಗೇ ಬೈಗುಳ.

ಈಗಿನ ಕ್ರಮ ಇಷ್ಟು. ಕತ್ತಿ, ದರಗಿನ (ಒಣ ಎಲೆಯ) ಬುಟ್ಟಿ ಇಡುವ ಜಾಗ ಪ್ರತಿ ಮನೆಯಲ್ಲೂ ಗೊತ್ತಿರುತ್ತದೆ. ಅಲ್ಲೇ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಒಂದು ಮೊಳೆ, ಅದಕ್ಕೆ ದಾರ ಕಟ್ಟಿದ ಬಾಟಲಿ, ಪಕ್ಕದಲ್ಲಿ ಒಂದು ಹಳೇ ಬಟ್ಟೆ. ಬಟ್ಟೆ ಯಾಕೆಂದರೆ, "ಎಣ್ಣೆ ಕೈಗೆ ಕತ್ತಿ ಜಾರ್ತದೆ ಮಾರಾಯ್ರೇ" ಎಂಬುದೇ ಹಚ್ಚದಿರಲು ಎಲ್ಲರೂ ಕೊಡುತ್ತಿದ್ದ ಕಾರಣ. ಹಚ್ಚಿದ ಮೇಲೆ ಅಂಗೈ ಒರೆಸಿಕೊಂಡರೆ ಆ ತಕರಾರು ಮುಗಿಯಿತು. ಮೊಳೆ, ದಾರ, ಕಾರ್ಡು ಸೇರಿ ಮನೆಗೆ ಹತ್ತು ರೂಪಾಯಿ ದಾಟದು.

ಕಾರ್ಡಿನ ಮಾತು ಅವರ ಬಾಯಿಂದಲೇ ಬರಬೇಕು. "ಕಾಡಿಗೆ ಹೋಗುವಾಗ ಹಚ್ಚುತ್ತೇನೆ" ಎಂದರೆ ಒಪ್ಪಬೇಡಿ. ಮನೆ ಹಿಂದಿನ ಸೊಪ್ಪಿನ ಬೆಟ್ಟಕ್ಕೆ ಹೋಗುವುದನ್ನು ಯಾರೂ ಕಾಡಿಗೆ ಹೋದ ಲೆಕ್ಕಕ್ಕೆ ಹಿಡಿಯುವುದಿಲ್ಲ. "ಬುಟ್ಟಿಗೆ ಕೈ ಹಾಕಿದರೆ ಮೊದಲು ಕಾಲಿಗೆ ಎಣ್ಣೆ, ಆಮೇಲೆ ಕೈಗೆ" ಎಂಬಷ್ಟು ಖಚಿತವಾಗಿರಲಿ. ಜೋರಾಗಿ ಎರಡು ಮೂರು ಸಲ ಹೇಳಿಸಿ, ಒಮ್ಮೆ ಎದುರಿಗೇ ಹಚ್ಚಿಸಿ. ಬಾಟಲಿ ಗಂಡಸರ ಕೈಗೆ ಕೊಟ್ಟು ಬರುವ ರೂಢಿ ಬಿಡಬೇಕು. ದರಗು ಗುಡಿಸುವವರು ಹೆಚ್ಚಾಗಿ ಹೆಂಗಸರು.

ಕೇಳಿದರೆ ಎಲ್ಲರೂ "ಹಚ್ತೇವೆ" ಎನ್ನುತ್ತಾರೆ. ಅದಕ್ಕೇ ತಕ್ಕಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಬಾಟಲಿ ತೂಗಿ, ಒಬ್ಬರಿಂದ ಹಚ್ಚಿಸಿ ಮತ್ತೆ ತೂಗಿದರೆ ಆ ಮನೆಯ ಒಂದು ಸಲದ ಖರ್ಚು ಸಿಗುತ್ತದೆ. ಹದಿನೈದು ದಿನ ಬಿಟ್ಟು ತೂಗಿ ಭಾಗಿಸಿದರೆ ಎಷ್ಟು ಸಲ ಹಚ್ಚಿದ್ದಾರೆಂದು ಅಂದಾಜಾಗುತ್ತದೆ. ಫ್ಲೆಕ್ಸ್ ಕಾಲದಲ್ಲಿ ಹತ್ತು ಮನೆಯಲ್ಲಿ ಒಂದೆರಡು ಬಾಟಲಿ ಇಳಿದಿದ್ದರೆ ಹೆಚ್ಚು. ಕಾರ್ಡು ಬಂದ ಮೇಲೆ ಆರೇಳು. ಒಮ್ಮೆಲೇ ಪೂರ್ತಿ ಖಾಲಿಯಾದ ಬಾಟಲಿಯನ್ನು ಲೆಕ್ಕಕ್ಕೆ ಸೇರಿಸಬೇಡಿ, ಚೆಲ್ಲಿರುತ್ತದೆ ಇಲ್ಲವೇ ನೆಂಟರ ಮನೆಗೆ ಹೋಗಿರುತ್ತದೆ. ಕೊಬ್ಬರಿ ಎಣ್ಣೆಯ ಖಾಲಿ ಬಾಟಲಿಗೆ ಬಗ್ಗಿಸಿಡುವವರನ್ನು ಮಾತ್ರ ಅಲ್ಲೇ ತಡೆಯಿರಿ. ಯಾರಾದರೂ ತಲೆಗೆ ಹಚ್ಚಿಕೊಂಡಾರು, ಒಗ್ಗರಣೆಗೂ ಬಿದ್ದೀತು.

ಭಯ ಪೂರ್ತಿ ಬೇಡವೆಂದಲ್ಲ. ಲೆವೆಂಥಾಲ್ ಪ್ರಯೋಗದಲ್ಲೂ ಬರೀ ನಕ್ಷೆ ಸಿಕ್ಕವರು ಚುಚ್ಚಿಸಿಕೊಳ್ಳಲು ಹೋಗಲಿಲ್ಲ. ಹತ್ತಿರದ ಊರಲ್ಲಿ ಮಂಗ ಸತ್ತ ಸುದ್ದಿ ಇದ್ದರೆ ಅದನ್ನೊಂದು ಮಾತಿನಲ್ಲಿ ಹೇಳಿ ಕಾರ್ಡಿಗೆ ಬಂದರೆ ಸಾಕು.

ವಾಪಸು ಬಂದ ಮೇಲಿನ ಬಿಸಿನೀರ ಸ್ನಾನ ಇನ್ನೂ ಹಿಡಿತಕ್ಕೆ ಬಂದಿಲ್ಲ, ಮೂರರಲ್ಲಿ ಒಂದು ಮನೆಯೂ ಇಲ್ಲ. ಬಂದ ಕೂಡಲೇ ಹಾಲು ಕರೆಯುವ ಹೊತ್ತು, ಹಂಡೆಗೆ ಉರಿ ಹಾಕಿರುವುದಿಲ್ಲ. ಸ್ನಾನದ ಬದಲು "ಬುಟ್ಟಿ ಇಳಿಸಿದರೆ ಬಟ್ಟೆ ಬದಲು" ಎಂಬಷ್ಟಕ್ಕೆ ಇಳಿಸಿ ನೋಡುತ್ತಿದ್ದೇವೆ. ಅಡಿಕೆ ಸುಲಿಯುವ ರಾತ್ರಿ ಇಂಥ ಮಾತು ಹೇಳಿಸಲು ಒಳ್ಳೇ ಹೊತ್ತು: ಕೈಗೆ ಕೆಲಸ, ಕಿವಿ ಬಿಡುವು. ಅಲ್ಲಿ ಕಾರ್ಡು ಬರೆಸಲು ಆಗದು, ಬಾಯಲ್ಲಿ ಹೇಳಿಸಬಹುದು.