ನಾನು ಕೊಳ್ಳದ ಮೊಬೈಲಿನ ಕಂತು

2025ರ ಫೆಬ್ರವರಿ. ಅಂಗಳದಲ್ಲಿ ಅಡಿಕೆ ಸುಲಿಯುವ ಕೆಲಸ ನಡೆಯುತ್ತಿತ್ತು. ಪೋಸ್ಟ್‌ಮ್ಯಾನ್ ಒಂದು ಕವರ್ ಕೊಟ್ಟು ಹೋದ. ಒಳಗೆ ಇಂಗ್ಲಿಷ್ ನೋಟಿಸು. ಮೊಬೈಲ್ ಫೋನಿಗೆ ತೆಗೆದ ಸಾಲದ ಮೂರು ಕಂತು ಬಾಕಿ ಇದೆ, ದಂಡ ಸೇರಿ 23,600 ರೂಪಾಯಿ ಕಟ್ಟಬೇಕು ಅಂತ. ಹೆಸರು ನನ್ನದೇ. ಮನೆ ಹೆಸರು, ಕಾಸರಗೋಡು ಜಿಲ್ಲೆಯ ಪೆರ್ಲ ಪೋಸ್ಟು, ಎಲ್ಲ ಸರಿಯಾಗಿದೆ. ನನ್ನ ಫೋನಿಗೆ ಐದು ವರ್ಷ ವಯಸ್ಸು. ಗ್ಲಾಸು ಒಡೆದು ಸೆಲೋಟೇಪ್ ಹಚ್ಚಿದ್ದೇನೆ.

ನಾಲ್ಕನೇ ದಿನ ಬೈಕಿನಲ್ಲಿ ಇಬ್ಬರು ಹುಡುಗರು ಬಂದರು. ಮಲಯಾಳದಲ್ಲಿ ಮಾತು. ಜೋರು ಮಾಡುವವರಲ್ಲ. "ಮಾಷೇ, ಎಂಟು ಸಾವಿರ ಕೊಡಿ, ಸೆಟ್ಲ್ ಮಾಡಿ ಮುಗಿಸುವ" ಅಂದರು. ಕೊಟ್ಟು ಕಳಿಸಿ ಅಂತ ಹೆಂಡತಿ ಒಳಗಿನಿಂದ ಸನ್ನೆ ಮಾಡುತ್ತಿದ್ದಳು. ನಾನು ಕೊಡಲಿಲ್ಲ. ತೆಗೆಯದ ಸಾಲಕ್ಕೆ ಒಂದು ರೂಪಾಯಿ ಕಟ್ಟಿದರೂ ಸಾಲ ನಂದೇ ಅಂತ ಒಪ್ಪಿದ ಹಾಗೆ ಅಲ್ವಾ? ಅದೂ ಅಲ್ಲದೆ ಕ್ರೆಡಿಟ್ ರಿಪೋರ್ಟಿನಲ್ಲಿ, ಅಂದರೆ ನಮ್ಮ ಸಾಲ, ಕಂತುಗಳ ಜಾತಕದಲ್ಲಿ, 'ಸೆಟಲ್ಡ್' ಅಂತ ಬಿದ್ದರೆ, ಪೂರ್ತಿ ಕಟ್ಟದೆ ಬಿಟ್ಟವನು ಅಂತಲೇ ಬ್ಯಾಂಕಿನವರು ಓದುತ್ತಾರೆ. ಇದನ್ನು ನನಗೆ ಹೇಳಿಕೊಟ್ಟವನು ಮಂಗಳೂರಿನ ಬ್ಯಾಂಕೊಂದರಲ್ಲಿರುವ ಹಳೇ ವಿದ್ಯಾರ್ಥಿ. "ಸರ್, ಮೊದಲು ರಿಪೋರ್ಟ್ ತೆಗೀರಿ. ಸ್ಕೋರ್ ನೋಡ್ಬೇಡಿ, ಒಳಗೆ ಓದಿ" ಅಂದ. ಸ್ಕೋರ್ ಅಂದರೆ ಸಾಲ ಸರಿಯಾಗಿ ಕಟ್ಟುತ್ತೇವೋ ಇಲ್ಲವೋ ಅಂತ ನೋಡಿ ಕೊಡುವ ಅಂಕ.

ನಮ್ಮ ದೇಶದಲ್ಲಿ ಇಂಥ ರಿಪೋರ್ಟ್ ಕೊಡುವ ಸಂಸ್ಥೆಗಳು ನಾಲ್ಕು: ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ 2017ರಿಂದ ಪ್ರತಿಯೊಂದು ಸಂಸ್ಥೆಯೂ ನಮಗೆ ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನು ಪುಕ್ಕಟೆ ಕೊಡಬೇಕು. ನಾವೇ ನಮ್ಮದನ್ನು ನೋಡಿದರೆ ಸ್ಕೋರ್ ಇಳಿಯುವುದಿಲ್ಲ. ನಾನು ಒಂದೇ ವಾರದಲ್ಲಿ ನಾಲ್ಕನ್ನೂ ತೆಗೆದೆ.

ಮಾಷ್ಟ್ರ ಕಣ್ಣಿಗೆ ಅದು ಹಾಜರಿ ಪುಸ್ತಕದ ಹಾಗೆ ಕಂಡಿತು. ಪ್ರತಿ ಸಾಲದ ಕೆಳಗೆ ತಿಂಗಳಿಗೊಂದು ಮನೆ, ಅದರಲ್ಲಿ ಎಷ್ಟು ದಿನ ತಡ ಅನ್ನುವ ಲೆಕ್ಕ. ಮಂಗಳೂರಿನಲ್ಲಿ ತೆಗೆದಿದ್ದ ನನ್ನ ಹಳೇ ಕಾರ್ ಲೋನಿಗೆ ಸಾಲಾಗಿ 000, 000. ಅದರ ಕೆಳಗೆ ಗುರುತಿಲ್ಲದ ಸಾಲ: 031, 062, 092. ಆಮೇಲೆ ಫೋನ್ ನಂಬರುಗಳ ಪಟ್ಟಿ. ಅಲ್ಲಿ ಎರಡು ನಂಬರು. ಒಂದನ್ನು ನಾನು ಕಂಡೇ ಇಲ್ಲ. ಇನ್ನೊಂದು ನನ್ನ ಹಳೇ ಕರ್ನಾಟಕ ಸಿಮ್. ಈಗ ಕೈಯಲ್ಲಿರುವ ನಂಬರು ಎಲ್ಲೂ ಇಲ್ಲ.

ನನ್ನ ತಪ್ಪು ಗೊತ್ತಾದದ್ದು ಇಲ್ಲಿ. ಯಾರಾದರೂ ನಮ್ಮ ರಿಪೋರ್ಟ್ ತೆರೆದರೆ ಈ ಸಂಸ್ಥೆಗಳು ಎಸ್ಸೆಮ್ಮೆಸ್ ಅಥವಾ ಈಮೇಲ್ ಕಳಿಸಬೇಕು ಅಂತ ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರಿನಲ್ಲೇ ಹೇಳಿದೆ. ಆದರೆ ಅದು ಹೋಗುವುದು ಅವರ ದಾಖಲೆಯಲ್ಲಿರುವ ನಂಬರಿಗೆ. ಗಡಿಯವರ ಪಾಡು ನಿಮಗೆ ಗೊತ್ತಿರಬಹುದು. ಒಂದು ಸಿಮ್ ಕೇರಳದ್ದು, ಒಂದು ಕರ್ನಾಟಕದ್ದು, ಯಾವುದಕ್ಕೆ ಟವರ್ ಸಿಗುತ್ತದೋ ಅದಕ್ಕೆ ರೀಚಾರ್ಜು. ಕಾರ್ ಲೋನಿಗೆ ಕೊಟ್ಟಿದ್ದ ಸಿಮ್ಮನ್ನು ಸುಮ್ನೆ ಬಿಟ್ಟುಬಿಟ್ಟಿದ್ದೆ. ಬಿಟ್ಟ ನಂಬರನ್ನು ಕಂಪನಿಯವರು ಕೆಲವು ತಿಂಗಳ ನಂತರ ಬೇರೆಯವರಿಗೆ ಕೊಡಬಹುದು. ನನ್ನ ಎಚ್ಚರಿಕೆ ಯಾರ ಫೋನಿನಲ್ಲಿ ಬಿದ್ದಿತ್ತೋ!

ಮೊದಲು ಸೈಬರ್ ಅಪರಾಧದ ಸರಕಾರಿ ತಾಣದಲ್ಲಿ ದೂರು ಕೊಟ್ಟೆ. ದೂರಿನ ಸಂಖ್ಯೆ ಆಮೇಲೆ ಎಲ್ಲ ಕಡೆ ಬೇಕಾಯಿತು. ಬಳಿಕ 'ಈ ಸಾಲ ನನ್ನದಲ್ಲ' ಅಂತ ನಾಲ್ಕೂ ಸಂಸ್ಥೆಗಳಿಗೆ ತಕರಾರು ಹಾಕಿದೆ. ಸಾಲ ಕೊಟ್ಟವನು ಒಪ್ಪದೆ ಅವರು ಒಂದಕ್ಷರ ತಿದ್ದುವುದಿಲ್ಲ. ಹಾಗಾಗಿ ಆ ಫೈನಾನ್ಸ್ ಕಂಪನಿಯ ದೂರು ಅಧಿಕಾರಿಗೂ ಬೇರೆ ಪತ್ರ ಬರೆದೆ. ಸಾಲ ಮನ್ನಾ ಮಾಡಿ ಅಂತ ಕೇಳಲಿಲ್ಲ. ಕರಾರಿನ ಪ್ರತಿ, ಅರ್ಜಿ ಹಾಕುವಾಗ ತೆಗೆದ ಫೋಟೋ, ಫೋನ್ ಯಾವ ಅಂಗಡಿಯಿಂದ ಹೋಯಿತು, ಈ ಮೂರನ್ನು ಕೇಳಿದೆ. 30 ದಿನದೊಳಗೆ ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅನ್ನುವ ನಿಯಮವನ್ನೂ ಕೊನೆಗೆ ಬರೆದೆ. ಎರಡು ವಾರ ಸುದ್ದಿಯೇ ಇಲ್ಲ. ಆಮೇಲೆ ಫೋಟೋ ಬಂತು. ಹಣೆ ಮೇಲೆ ಕೂದಲು ಇಳಿಬಿಟ್ಟ ಇಪ್ಪತ್ತೈದರ ಹುಡುಗ. ನನಗೆ ಅರುವತ್ತೆರಡು, ತಲೆ ಬೋಳು. ಹೆಂಡತಿ ಅದನ್ನು ನೋಡಿ, "ಇಷ್ಟು ಚಂದ ನೀವು ಮದುವೆ ದಿನವೂ ಇರಲಿಲ್ಲ" ಅಂದಳು. 26ನೇ ದಿನ ಸಾಲ ರಿಪೋರ್ಟಿನಿಂದ ಹೋಯಿತು.

ನನ್ನ ಆಧಾರ್, ಪಾನ್ ಎಲ್ಲಿಂದ ಸೋರಿತೋ ಇಂದಿಗೂ ಗೊತ್ತಿಲ್ಲ. ಹೆಂಡತಿಯ ಕಣ್ಣಿನ ಆಪರೇಷನ್ನಿಗೆ ಹೋದಾಗ ಲಾಡ್ಜಿಗೆ ಕೊಟ್ಟ ಜೆರಾಕ್ಸ್ ಮೇಲೆ ನನಗೆ ಗುಮಾನಿ.

ಹೆದರಿಕೆಯಲ್ಲಿ ಒಂದು ಸಂಸ್ಥೆಯ ಮಾನಿಟರಿಂಗ್ ಸೇವೆಗೆ ಸಾವಿರಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟು ಒಂದು ವರ್ಷಕ್ಕೆ ಸೇರಿದೆ. ಹಣ ದಂಡ ಅನ್ನಲಾರೆ. ಹೊಸ ಸಾಲ, ಹೊಸ ವಿಳಾಸ, ಏನೇ ಬಂದರೂ ತಿಳಿಸುತ್ತದೆ. ಆದರೆ ಅದು ಕಳ್ಳನನ್ನು ತಡೆಯುವುದಿಲ್ಲ, ಬಂದು ಹೋದ ಅಂತ ಹೇಳುತ್ತದೆ, ಅಷ್ಟೇ. ಇನ್ನೊಂದು ಕೊರತೆಯೂ ಇದೆ. ಸಾಲ ಮಂಜೂರಾದರೆ ಅದರ ಲೆಕ್ಕ ನಾಲ್ಕೂ ಸಂಸ್ಥೆಗಳಿಗೆ ಹೋಗುತ್ತದೆ. ಆದರೆ ಅರ್ಜಿ ಹಾಕಿದಾಗ ಬೀಳುವ 'ಎನ್‌ಕ್ವೈರಿ', ಅಂದರೆ ಸಾಲ ಕೊಡುವವರು ನಮ್ಮ ರಿಪೋರ್ಟ್ ಕೇಳಿದರು ಅನ್ನುವ ಗುರುತು, ಇರುವುದು ಅವರು ಯಾವ ಸಂಸ್ಥೆಯಲ್ಲಿ ಕೇಳಿದರೋ ಅದರ ರಿಪೋರ್ಟಿನಲ್ಲಿ ಮಾತ್ರ. ಜೂನಿನಲ್ಲಿ ನನ್ನ ಹೆಸರಲ್ಲಿ ಇನ್ನೊಂದು ಅರ್ಜಿ ಬಿದ್ದಿತ್ತು. ನಾನು ದುಡ್ಡು ಕೊಟ್ಟ ಕಡೆ ಸದ್ದೇ ಇಲ್ಲ. ಗೊತ್ತಾದದ್ದು ಬೇರೆ ಸಂಸ್ಥೆಯಿಂದ ಬಂದ ಪುಕ್ಕಟೆ ಎಸ್ಸೆಮ್ಮೆಸ್ಸಿನಿಂದ. ಅಷ್ಟರಲ್ಲಿ ಕಾರ್ ಲೋನ್ ಕೊಟ್ಟಿದ್ದ ಮಂಗಳೂರಿನ ಶಾಖೆಗೆ ಹೋಗಿ ಹೊಸ ನಂಬರು ಕೊಟ್ಟು ಬಂದಿದ್ದೆನಲ್ಲ, ಅದು ಕೆಲಸಕ್ಕೆ ಬಂತು. ಅದೇ ದಿನ ಆ ಸಾಲ ಕೊಡುವವರಿಗೆ ಬರೆದು ಅರ್ಜಿ ನಿಲ್ಲಿಸಿದೆ.

ವರ್ಷ ಮುಗಿದಾಗ ಸೇವೆಯನ್ನು ಮುಂದುವರಿಸಲಿಲ್ಲ. ಆಧಾರಿನ ಬೆರಳಚ್ಚಿಗೆ ಲಾಕ್ ಹಾಕಿದ್ದೇನೆ. ನನ್ನ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ಸಂಚಾರ್ ಸಾಥಿ ಅನ್ನುವ ಸರಕಾರಿ ತಾಣದಲ್ಲಿ ನೋಡಿದ್ದೇನೆ. ಜೆರಾಕ್ಸ್ ಕೊಡುವಾಗ ಅದರ ಮೇಲೆ ಅಡ್ಡಲಾಗಿ ತಾರೀಕು, ಕಾರಣ ಬರೆಯುತ್ತೇನೆ. ಮೊನ್ನೆ ಕಾಸರಗೋಡಿನ ಅಂಗಡಿಯಲ್ಲಿ 'ಸಿಮ್ ಕಾರ್ಡಿಗೆ ಮಾತ್ರ' ಅಂತ ಕನ್ನಡದಲ್ಲಿ ಬರೆದು ಕೊಟ್ಟೆ. ಹುಡುಗ ತಿರುಗಿಸಿ ಮುರುಗಿಸಿ ನೋಡಿ, "ಇದೇನು ಮಾಷೇ, ಸಹಿಯಾ?" ಅಂದ. ಅದರ ಕೆಳಗೆ ಮಲಯಾಳದಲ್ಲೂ ಬರೆದೆ.

ನಾಲ್ಕು ಪುಕ್ಕಟೆ ರಿಪೋರ್ಟನ್ನು ಈಗ ಒಟ್ಟಿಗೆ ತೆಗೆಯುವುದಿಲ್ಲ. ಮೂರು ತಿಂಗಳಿಗೊಂದರಂತೆ ಹಂಚಿಕೊಂಡಿದ್ದೇನೆ. ಅಡಿಗೆಮನೆ ಕ್ಯಾಲೆಂಡರಿನ ಜುಲೈ ಹಾಳೆಯಲ್ಲಿ 'ತೋಟಕ್ಕೆ ಎರಡನೇ ಮದ್ದು' ಅಂತ ಬರೆದದ್ದರ ಪಕ್ಕ 'ಇಕ್ವಿಫ್ಯಾಕ್ಸ್' ಅಂತಿದೆ. ಅದು ಯಾವ ಕಂಪನಿಯ ಮದ್ದು ಅಂತ ಮದ್ದು ಬಿಡಲು ಬರುವವನು ಕೇಳಿದ್ದಾನಂತೆ.