ಹಳೇ ಜರ್ಮನ್ ಟಾರ್ಗೆಟ್ ರೈಫಲ್‌ಗೆ ಬೆಲೆ ಕಟ್ಟುವ ಮುಂಚೆ

ಅಮೆರಿಕದಲ್ಲಿರುವ ಸಂಗ್ರಹಕಾರ ಗೆಳೆಯರಿಗೆ ಒಂದು ಸಲಹೆ. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರು ಜರ್ಮನಿಯಿಂದ ಶ್ಯೂಟ್ಸೆನ್ ರೈಫಲ್‌ಗಳನ್ನು, ಅಂದರೆ ಗುರಿ ಹೊಡೆಯುವ ಸ್ಪರ್ಧೆಯ ರೈಫಲ್‌ಗಳನ್ನು ತಂದಿದ್ದರು. ಇವುಗಳಲ್ಲಿ ಜಾಸ್ತಿ ಬಳಕೆಯಲ್ಲಿದ್ದ 8.15×46ಆರ್ ಅಳತೆಯ ಗುಂಡು ಅಮೆರಿಕದಲ್ಲಿ ಸಿಗುವುದು ಕಷ್ಟವಿತ್ತು. ಹಾಗಾಗಿ ಎಷ್ಟೋ ರೈಫಲ್‌ಗಳನ್ನು ಅಮೆರಿಕದ ಗುಂಡುಗಳಾದ .32-40ಕ್ಕೋ .22 ಹಾರ್ನೆಟ್‌ಗೋ ಹೊಂದುವಂತೆ ಬದಲಾಯಿಸಿಬಿಟ್ಟರು.

ಮೊದಲು ಬ್ಯಾರಲ್ ಕೆಳಗಿರುವ ಮುಂದಿನ ಮರ ಬಿಚ್ಚಿಸಿ, ಬ್ಯಾರಲ್ಲಿನ ತಳಭಾಗ ನೋಡಿ. ಕಿರೀಟದ ಕೆಳಗೆ ‘ಯು’, ‘ಜಿ’ ಅಕ್ಷರದ ಪರೀಕ್ಷಾ ಮುದ್ರೆಗಳು ಕಾಣಬಹುದು. ಅಲ್ಲಿ ಬರೆದ ಅಳತೆಗೂ ಬ್ಯಾರಲ್ಲಿನ ಈಗಿನ ಒಳ ಅಳತೆಗೂ ಹೊಂದದಿದ್ದರೆ ಬದಲಾವಣೆ ಆಗಿದೆ ಅಂತಲೇ ಲೆಕ್ಕ. ‘ಜೆಲ್ಲಾ-ಮೆಹ್ಲಿಸ್’ ಅಂತ ಕೆತ್ತಿದ್ದರೆ ಅದು 1919ರ ನಂತರದ್ದು. ಜರ್ಮನಿಯ ಜೆಲ್ಲಾ, ಮೆಹ್ಲಿಸ್ ಅನ್ನುವ ಎರಡು ಊರು ಒಂದಾದದ್ದೇ ಆಗ. ಮಾರುವವನು ‘1890ರ ಮಾಲು’ ಅಂದರೆ ನಂಬಬೇಡಿ!

ಎಲ್ಲ ಬದಲಾವಣೆಯೂ ಒಂದೇ ಅಲ್ಲ, ಅಲ್ವಾ? ಗುರಿ ನೋಡುವ ಸೈಟ್ ಬದಲಾಗಿದ್ದರೆ ಹಳೆಯದನ್ನು ಹುಡುಕಿ ಹಾಕಬಹುದು. ಆದರೆ ಸಣ್ಣ ತೂತಿನ ಮೂಲಕ ಗುರಿ ನೋಡುವ ಒಳ್ಳೆ ಹಿಂಬದಿ ಡಯಾಪ್ಟರ್ ಸೈಟ್ ಬಿಡಿಯಾಗಿ ಅಗ್ಗಕ್ಕೆ ಸಿಗಲ್ಲ, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಟೆಲಿಸ್ಕೋಪ್ ಕೂರಿಸಲು ಕೊರೆದ ತೂತು, ಕತ್ತರಿಸಿದ ಮರದ ಹಿಡಿ, ಅಗಲಿಸಿದ ಚೇಂಬರ್ (ಗುಂಡು ಕೂರುವ ಜಾಗ) ಮಾತ್ರ ಹಿಂದಕ್ಕೆ ಬರುವುದಿಲ್ಲ. ಕೆತ್ತನೆಯ ಅಂಚು ಸವೆದು ಮಂಕಾಗಿದ್ದು, ಮೇಲಿನ ನೀಲಿ ಬಣ್ಣ ಹೊಸದರಂತೆ ಮಿರಮಿರ ಅಂದರೆ ಯಾರೋ ಉಜ್ಜಿ ಮತ್ತೆ ಬಣ್ಣ ಕೊಟ್ಟಿದ್ದಾರೆ. ನನ್ನ ಕಣ್ಣಿಗೆ ಅದು ತುಕ್ಕಿಗಿಂತ ಕೆಟ್ಟದ್ದು.

ತಿಳಿದ ಗನ್‌ಸ್ಮಿತ್ ಚೇಂಬರ್ ಅಳೆಯುವ ತನಕ ಅದರಲ್ಲಿ ಗುಂಡು ಹಾರಿಸಬೇಡಿ.